ಬಿಳಿಕಲ್ಲು ಹಾಕದ ದಿನ

ನಮ್ಮ ಬೀದಿಯ ಹುಡುಗಿಯೊಬ್ಬಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಯಾವುದೋ ಗಣಿಯ ಪ್ರಯೋಗಾಲಯಕ್ಕೆ ಸೇರುವ ಮುಂಚೆ ನಮ್ಮ ಮನೆಗೆ ಬಂದಿದ್ದಳು. "ತಾತ, ನೀವು ಬಂಗಾರದ ಗಣಿಯಾಗೆ ಇದ್ರಂತಲ್ಲ, ಅಲ್ಲಿ ಕೆಲ್ಸ ಹೆಂಗಿರತ್ತೆ?" ಅಂತ ಕೇಳಿದಳು. ನಾನು ಒಂದು ಗಂಟೆ ಮಾತಾಡಿದೆ. ಕುಲುಮೆ, ತಕ್ಕಡಿ, ಸಾಹೇಬರ ಸಿಡುಕು, ಎಲ್ಲ ಹೇಳಿದೆ. ಅವಳು ಕಾಫಿ ಕುಡಿದು, ಕಾಲಿಗೆ ನಮಸ್ಕಾರ ಮಾಡಿ ಹೋದಳು. ಹೇಳಲೇಬೇಕಾದ ಒಂದು ವಿಷಯವನ್ನು ಮಾತ್ರ ನಾನು ಹೇಳಲಿಲ್ಲ. ಅವಳ ಮುಖ ನೋಡಿಕೊಂಡು ಹೇಳುವುದಕ್ಕೆ ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರು ತಿಪ್ಪೇಸ್ವಾಮಿ. ಚಳ್ಳಕೆರೆಯಲ್ಲಿ ಈ ಹೆಸರಿನವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ, ಹಾಗಾಗಿ ನನ್ನನ್ನು ಮೂಸೆ ತಿಪ್ಪೇಸ್ವಾಮಿ ಅನ್ನುತ್ತಾರೆ. ಮೂಸೆ ಅಂದರೆ ಲೋಹ ಕರಗಿಸುವ ಮಣ್ಣಿನ ಬಟ್ಟಲು. ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗಾಣ ನೋಡಿಕೊಳ್ಳುತ್ತಿದ್ದರು. ನನಗೆ ಗಣಿಯಲ್ಲಿ ಕೆಲಸ ಸಿಕ್ಕಿತೆಂದು ಅವ್ವ ಕೇರಿಗೆಲ್ಲ ಬೆಲ್ಲ ಹಂಚಿದ್ದಳು. ಮೊದಲ ಸಲ ರಜೆಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, "ಒಂದು ಮೂಗುಬಟ್ಟಿಗಾಗುವಷ್ಟಾದ್ರೂ ತಂದ್ಯೇನೋ?" ಅಂದಳು. ಇಲ್ಲವ್ವ ಅಂದೆ. "ಮತ್ತೆ ಅಲ್ಲಿ ಏನು ಕಡೀತೀಯ?" ಅಂತ ಕೇಳಿ ಒಳಗೆ ಹೋದಳು. ಆ ಪ್ರಶ್ನೆಗೆ ನಾನು ಕೊನೆಯವರೆಗೂ ಅವಳಿಗೆ ತೃಪ್ತಿಯಾಗುವ ಉತ್ತರ ಕೊಡಲಿಲ್ಲ.

ಗಣಿ ನಮ್ಮ ಸೀಮೆಯದೇ. ಮೊಳಕಾಲ್ಮೂರು ದಾಟಿ ಗಡಿಯ ಕಡೆ ಹೋದರೆ ಸಿಗುವ ಗುಡ್ಡಸಾಲಿನಲ್ಲಿ ಹಳೇ ಕಾಲದವರು ತೋಡಿ ಬಿಟ್ಟ ಗುಂಡಿಗಳಿದ್ದವು. ಅವನ್ನೇ ಆಳ ಮಾಡಿ ಸಣ್ಣದೊಂದು ಗಣಿ ಮಾಡಿದ್ದರು. ಈಗ ಅದು ಇಲ್ಲ. ಗಣಿಗೆ ಇಳಿಯುವ ಬಾವಿಯ ಬಾಯಿಗೆ ಕಾಂಕ್ರೀಟ್ ಮುಚ್ಚಿದ್ದಾರೆ, ಸುತ್ತ ಜಾಲಿ ಬೆಳೆದಿದೆ, ಕುರಿ ಮೇಯುತ್ತವೆ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿ ದುಡಿದವರ ಮಕ್ಕಳಿಗೆ ಗೊತ್ತು, ಸಾಕು. ಶುರುವಿನಲ್ಲೇ ಸೇರಿದ ಲೋಹದ ಕೆಲಸದವರು ಇಬ್ಬರೇ: ನಮ್ಮ ಮುಖ್ಯಸ್ಥರಾದ ಅನಂತಯ್ಯನವರು, ಮತ್ತು ಅವರ ಕೈ ಕೆಳಗೆ ನಾನು.

ನಮ್ಮ ಕೆಲಸ ಇಷ್ಟು. ಕೆಳಗಿನಿಂದ ಬಂದ ಕಲ್ಲನ್ನು ಅರೆಯುವ ಯಂತ್ರದಲ್ಲಿ ನುಣ್ಣಗೆ ಮಾಡಿ, ಆ ಪುಡಿಗೆ ಸೀಸದ ಭಸ್ಮ, ಬಿಳಿಗಾರ, ಸೋಡಾ ಬೆರೆಸಿ ಮೂಸೆಯಲ್ಲಿಟ್ಟು ಕುಲುಮೆಗೆ ತಳ್ಳುವುದು. ಕರಗಿದ ಸೀಸ ಕಲ್ಲಿನಲ್ಲಿರುವ ಬಂಗಾರವನ್ನೆಲ್ಲ ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಆ ಸೀಸದ ಗುಂಡನ್ನು ಮೂಳೆ ಬೂದಿಯ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ, ಸೀಸವನ್ನು ಬೂದಿ ಹೀರಿಕೊಂಡು ಸಾಸಿವೆಗಿಂತ ಸಣ್ಣ ಮಣಿಯೊಂದು ಉಳಿಯುತ್ತದೆ. ಅದರಲ್ಲಿನ ಬೆಳ್ಳಿಯನ್ನು ಆಮ್ಲದಲ್ಲಿ ಕಳೆದು, ಉಳಿದದ್ದನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯಬೇಕು. ಉಸಿರು ಜೋರಾಗಿ ಬಿಟ್ಟರೂ ತಕ್ಕಡಿ ಅಲ್ಲಾಡುತ್ತಿತ್ತು. ಒಂದು ಟನ್ ಕಲ್ಲಿಗೆ ಮೂರೋ ನಾಲ್ಕೋ ಗ್ರಾಂ ಇದೆ ಅಂತ ಬಂದರೆ ನಮಗೆ ಹಬ್ಬ. ನಾವು ಬರೆದ ಆ ಅಂಕಿಯನ್ನು ನಂಬಿಕೊಂಡು ಜನ ನೆಲದ ಒಳಗೆ ಇಳಿಯುತ್ತಿದ್ದರು. ಈಗ ಯಂತ್ರವೇ ಓದಿ ಹೇಳುತ್ತದಂತೆ, ಒಳ್ಳೆಯದು. ಆದರೆ ಯಂತ್ರಕ್ಕೆ ಕಲ್ಲಿನ ಪುಡಿ ಹಾಕುವವನು ಈಗಲೂ ಮನುಷ್ಯನೇ.

ಅನಂತಯ್ಯನವರು ಚಿತ್ರದುರ್ಗದವರು, ಒಣಕಲು ಆಸಾಮಿ, ನಗುವುದು ವರ್ಷಕ್ಕೆರಡು ಸಲ. ನಾನು ಮಾಡಿದ ಮೊದಲ ತಪ್ಪಿಗೇ ಒಂದು ಸಲ ನಕ್ಕರು. ಮದುವೆಯಾಗಿ ತಿಂಗಳಾಗಿತ್ತು. ಏನೂ ಇಲ್ಲದ ಬರಿಯ ಕಲ್ಲಿನಲ್ಲೂ ನನಗೆ ಬಂಗಾರ ಬರುತ್ತಿತ್ತು. ಮೂರು ದಿನ ನಾನು ಒಳಗೊಳಗೇ ಹಿಗ್ಗಿದೆ. ನಾಲ್ಕನೆಯ ದಿನ ಅವರು, "ಕೈ ತೋರಿಸು," ಅಂದರು. ಬೆರಳಲ್ಲಿ ಮಾವನವರು ಹಾಕಿದ್ದ ಉಂಗುರ. ಅರೆದ ಪುಡಿಯನ್ನು ಕೈಯಲ್ಲಿ ಉಜ್ಜುವಾಗ ಅದು ಸವೆದು ಕಲ್ಲಿನೊಳಗೆ ಸೇರುತ್ತಿತ್ತು. "ಏನಪ್ಪಾ, ನಿಮ್ಮ ಮಾವ ಕೊಟ್ಟಿದ್ದನ್ನ ಗಣಿಗೆ ಸೇರಿಸ್ತಾ ಇದ್ದೀಯಲ್ಲ, ಅವರಿಗೆ ಗೊತ್ತಾ?" ಅಂದು ನಕ್ಕರು. ಅವತ್ತಿನಿಂದ ಉಂಗುರ ಪೆಟ್ಟಿಗೆ ಸೇರಿತು. ಹೆಂಡತಿ ಗಿರಿಜ ಬರಿ ಬೆರಳು ನೋಡಿ ಎರಡು ದಿನ ಮಾತು ಬಿಟ್ಟಿದ್ದಳು.

ಇನ್ನು ಬೋರಣ್ಣನ ವಿಷಯ. ಕಲ್ಲು ಒಡೆಯುವುದು, ಅರೆಯುವುದು, ಚೀಲಕ್ಕೆ ಗುರುತು ಹಾಕುವುದು, ಇವೆಲ್ಲ ಅವನ ಕೆಲಸ. ದೇವಸಮುದ್ರದವನು, ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಅಪ್ಪ, ತಾತ ಮಳೆ ಬಂದ ಮೇಲೆ ಹಳ್ಳದ ಮರಳು ತೊಳೆದು ಬಂಗಾರ ತೆಗೆಯುತ್ತಿದ್ದವರು. ಬೋರಣ್ಣ ಒಂದು ಬೊಗಸೆ ಕಲ್ಲುಪುಡಿಯನ್ನು ಮರದ ಮರಿಗೆಯಲ್ಲಿ ಹಾಕಿ, ನೀರು ಬಿಟ್ಟು, ಅಕ್ಕಿ ಗಾಲಿಸುವ ಹಾಗೆ ಗಾಲಿಸಿ ಅಂಚಿಗೆ ತಂದರೆ, ತುದಿಯಲ್ಲಿ ಹಳದಿಯ ಗೆರೆ ಕಾಣುತ್ತಿತ್ತು. ಅದನ್ನು ನೋಡಿ, "ಎಲ್ಡು ಐತೆ ಸಾಮಿ," "ಇದ್ರಾಗೆ ಏಮೀ ಲೇದು," ಅನ್ನುತ್ತಿದ್ದ. ಏಮೀ ಲೇದು ಅಂದರೆ ಏನೂ ಇಲ್ಲ, ಅವನ ಮನೆಯಲ್ಲಿ ಅರ್ಧ ತೆಲುಗು. ನಾನು ಇಡೀ ದಿನ ಕುಲುಮೆಯ ಮುಂದೆ ಬೆಂದು ಲೆಕ್ಕ ತೆಗೆದರೆ, ಅವನು ಹೇಳಿದ್ದೇ ಬರುತ್ತಿತ್ತು. ಮೊದಮೊದಲು ನನಗೆ ಇದು ಸಿಟ್ಟು ತರಿಸುತ್ತಿತ್ತು. ಪದವಿ ಓದಿ ಬಂದವನು ನಾನು, ಹೆಬ್ಬೆಟ್ಟಿನವನು ಅವನು.

ಅವನಿಗೆ ಒಬ್ಬಳೇ ತಂಗಿ, ಓಬಮ್ಮ. ತಾಯಿಯಿಲ್ಲದ ಕೂಸನ್ನು ಅವನೇ ಸಾಕಿ, ಗೌರಸಮುದ್ರದ ಕಡೆಯ ಮಾರಣ್ಣನಿಗೆ ಕೊಟ್ಟು ಮದುವೆ ಮಾಡಿದ್ದ. ಮಾರಣ್ಣನನ್ನು ಗಣಿಗೆ ಸೇರಿಸಿದವನೂ ಬೋರಣ್ಣನೇ. ಸುರಂಗದ ಚಾವಣಿ ಕುಸಿಯದ ಹಾಗೆ ಮರದ ಕಂಬ ಕೊಡುವ ಕೆಲಸ ಮಾರಣ್ಣನದು. ಎರಡೂ ಸಂಸಾರ ಗಣಿಯ ಸಾಲುಮನೆಗಳಲ್ಲಿ ಅಕ್ಕಪಕ್ಕ. ಓಬಮ್ಮ ಗಂಡನಿಗಿಂತ ಮೊದಲು ಅಣ್ಣನ ಬುತ್ತಿ ಕಟ್ಟುತ್ತಾಳೆ ಅಂತ ಮಾರಣ್ಣ ಎಲ್ಲರ ಮುಂದೆ ಹೇಳಿ ನಗುತ್ತಿದ್ದ. ಆ ಹುರುಳಿಕಟ್ಟಿನ ಸಾರನ್ನು ನಾನೂ ಎಷ್ಟೋ ದಿನ ಉಂಡಿದ್ದೇನೆ.

ಬೋರಣ್ಣನದೊಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ ಅರೆಯುವ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಕೊನೆಗೆ ಸೊಂಟದ ಚೀಲದಿಂದ ನುಚ್ಚಿನಷ್ಟು ಬಂಗಾರ ತೆಗೆದು ಯಂತ್ರದ ಬಾಯಿಗೆ ಹಾಕುತ್ತಿದ್ದ. ಅಪ್ಪನ ಕಾಲದಲ್ಲಿ ಹಳ್ಳದಿಂದ ತೆಗೆದದ್ದಂತೆ. ಮರಿಗೆ ತೊಳೆಯುವವರು ವರ್ಷದ ಮೊದಲ ಮರಳಿಗೆ ಒಂದು ಕಾಳು ಬಂಗಾರವನ್ನು ಗಂಗಮ್ಮನಿಗೆ ತಿರುಗಿ ಕೊಡುತ್ತಿದ್ದರಂತೆ. ಹಳ್ಳ ಹೋಗಿ ಯಂತ್ರ ಬಂತು, ಪದ್ಧತಿ ಉಳಿಯಿತು. ಬಂಗಾರ ಪರೀಕ್ಷೆ ಮಾಡುವ ಯಂತ್ರದೊಳಗೆ ಬಂಗಾರ ಹಾಕಿದರೆ ಮುಂದಿನ ಲೆಕ್ಕವೆಲ್ಲ ಕೆಟ್ಟ ಹಾಗೆಯೇ. ನಾನು ಹೌಹಾರಿದೆ. ಅನಂತಯ್ಯನವರು ಮಾತ್ರ, "ಅವನ ಪೂಜೆ ಅವನಿಗೆ, ನಮ್ಮ ತೊಳೆತ ನಮಗೆ," ಅಂದರು. ಪೂಜೆ ಆದ ಮೇಲೆ, ಏನೂ ಇಲ್ಲದ ಬಿಳಿಕಲ್ಲನ್ನು ಮೂರು ಸಲ ಅರೆದು ಚೆಲ್ಲಬೇಕು. ಮೂರನೆಯ ಸಲದ ಪುಡಿಯನ್ನು ಕುಲುಮೆಗಿಟ್ಟು ಪರೀಕ್ಷಿಸಿ, "ಬಿಳಿಕಲ್ಲು, ಸೊನ್ನೆ" ಅಂತ ಪುಸ್ತಕದಲ್ಲಿ ಬರೆದ ಮೇಲೆಯೇ ಗಣಿಯ ಕಲ್ಲು ಮುಟ್ಟಬೇಕು. ಇದು ಅವರ ಕಟ್ಟಪ್ಪಣೆ.

ಅನಂತಯ್ಯನವರ ಕೈ ಕಡೆಕಡೆಗೆ ನಡುಗತೊಡಗಿತು. ವರ್ಷಗಟ್ಟಲೆ ಸೀಸದ ಹೊಗೆ ಕುಡಿದದ್ದರ ಫಲ. ತಕ್ಕಡಿಯ ಬಟ್ಟಲಿಗೆ ಮಣಿ ಇಡಲಾರದೆ ಒಂದು ದಿನ ಚಿಮಟ ಕೆಳಗಿಟ್ಟು, "ಸಾಕಪ್ಪ," ಅಂದು ಎದ್ದು ಹೋದರು. ಅಳಿದೂರಿಗೆ ಉಳಿದವನೇ ಗೌಡ ಅನ್ನುವಂತೆ ಪ್ರಯೋಗಾಲಯ ನನ್ನ ಕೈಗೆ ಬಂತು. ಆಗಲೇ ಗಣಿಯ ಸ್ಥಿತಿ ಚೆನ್ನಾಗಿರಲಿಲ್ಲ. ಮುಚ್ಚುತ್ತಾರೆ ಅನ್ನುವ ಮಾತು ಸಾಲುಮನೆಗಳಲ್ಲಿ ದಿನಾ ಓಡಾಡುತ್ತಿತ್ತು.

ಆ ವರ್ಷದ ಆಯುಧಪೂಜೆ ಮುಗಿದು, ವಿಜಯದಶಮಿಯ ರಜೆ ಕಳೆದು, ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಸೂಪರಿಂಟೆಂಡೆಂಟ್ ಸಾಹೇಬರು ಬಂದು ನಿಂತಿದ್ದರು. ಕೆಟ್ಟವರೇನಲ್ಲ, ಗಾಬರಿಯ ಮನುಷ್ಯ. ದಕ್ಷಿಣದ ಸುರಂಗದ ತುದಿಯಿಂದ ಮೂರು ಚೀಲ ಕಲ್ಲು ತರಿಸಿದ್ದರು. ಮರುದಿನ ಮೇಲಿನವರು ಬರುತ್ತಾರೆ, ಗಣಿ ಇಡಬೇಕೋ ಬಿಡಬೇಕೋ ಅಂತ ತೀರ್ಮಾನಿಸುತ್ತಾರೆ, ಅಷ್ಟರೊಳಗೆ ಲೆಕ್ಕ ಬೇಕು ಅಂದರು. ಬಿಳಿಕಲ್ಲಿನ ಪರೀಕ್ಷೆ ಮಾಡುತ್ತ ಕೂತರೆ ಅರ್ಧ ದಿನ ಹೋಗುತ್ತದೆ.

ಸಾಹೇಬರು ಹೋದ ಮೇಲೆ ಬೋರಣ್ಣ ಬಿಳಿಕಲ್ಲಿನ ಬುಟ್ಟಿ ಹಿಡಿದುಕೊಂಡು ಬಂದ. "ಹಾಕ್ಲಾ ಸಾಮಿ?"

"ಬ್ಯಾಡ ಬೋರಣ್ಣ, ಹೊತ್ತಾಗತ್ತೆ. ಬ್ರಶ್ಶಿಂದ ಒರಸಿ ಆ ಕಲ್ಲು ಹಾಕು."

"ಪೂಜೆ ಆಗೇತಲ್ಲ ಸಾಮಿ. ಅಯ್ನೋರು ಇದ್ರೆ ಬಿಡ್ತಿರ್ಲಿಲ್ಲ."

ಅಯ್ನೋರು ಅಂದರೆ ಅನಂತಯ್ಯ. ಆ ಮಾತು ನನಗೆ ಚುಚ್ಚಿತು. "ಈಗ ಇಲ್ಲಿ ನಾನಿರೋದು. ಹಾಕು ಅಂದ್ರೆ ಹಾಕು," ಅಂದೆ. ಅವನು ಬುಟ್ಟಿ ಕೆಳಗಿಟ್ಟು ಗಣಿಯ ಕಲ್ಲು ಹಾಕಿದ. ನಾನು ಪುಸ್ತಕ ತೆಗೆದು, ಪ್ರತಿ ವರ್ಷದ ಅಭ್ಯಾಸದಂತೆ, "ಬಿಳಿಕಲ್ಲು, ಸೊನ್ನೆ" ಅಂತ ಬರೆದೆ. ಜಾಗ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಅನ್ನುವುದು ಬಿಟ್ಟರೆ ಅವತ್ತು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂರು ಚೀಲಕ್ಕೂ ಭರ್ಜರಿ ಬಂಗಾರ ಬಂತು. ಅಷ್ಟು ದೊಡ್ಡ ಮಣಿಗಳನ್ನು ನಾನು ಆ ಗಣಿಯಲ್ಲಿ ನೋಡಿಯೇ ಇರಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು. ಮೇಲಿನವರು ಬಂದರು, ನೋಡಿದರು, ದಕ್ಷಿಣದ ಸುರಂಗವನ್ನು ಮುಂದಕ್ಕೆ ಒಡೆಯಿರಿ ಅಂದರು. ಸಾಲುಮನೆಗಳಲ್ಲಿ ಸಿಹಿ ಮಾಡಿದರು. ಬೋರಣ್ಣನಿಗೆ ಅನುಮಾನ ಬಂದಿರಬೇಕು. ಮರಿಗೆಯಲ್ಲಿ ತೊಳೆದು ನೋಡುತ್ತೇನೆ, ಒಂದು ಬೊಗಸೆ ಕೊಡಿ ಅಂತ ಕೇಳಿದ. ಕುಲುಮೆ ಹೇಳಿದ ಮೇಲೆ ಮರಿಗೆ ಯಾಕೆ ಅಂದೆ. ಅವನು ಮತ್ತೆ ಕೇಳಲಿಲ್ಲ.

ಒಂದು ವಾರದ ಮೇಲೆ ಮಾರಣ್ಣ ಪ್ರಯೋಗಾಲಯದ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿ ಹಿಡಿದಿದ್ದ. "ಸಾಮಿ, ಒಂದು ಮಾತು. ಆ ದಕ್ಷಿಣದ ಕಡೆ ಕಲ್ಲು ಬಲು ಸಡ್ಲ ಐತೆ. ಕಂಬ ಕೊಟ್ಟಂಗೆಲ್ಲ ಮ್ಯಾಲಿಂದ ಪದರ ಬಿಚ್ಕಂತದೆ. ಅಲ್ಲಿ ಬಂಗಾರ ನಿಜವಾಗ್ಲೂ ಐತಾ?"

"ಐತೆ ಮಾರಣ್ಣ."

"ನೀವೇ ನೋಡಿದ್ರಾ?"

"ನಾನೇ ತೂಗಿದ್ದೀನಿ."

"ಹಂಗಾದ್ರೆ ಸರಿ ಬಿಡ್ರಿ. ಇದ್ರೆ ಮಾಡನ," ಅಂದು ಟೋಪಿ ಹಾಕಿಕೊಂಡು ಹೋದ.

ಮುಂದೆ ಒಡೆದ ಕಡೆಯಿಂದ ಕಲ್ಲು ಬರತೊಡಗಿತು. ಮೊದಲ ಚೀಲದಲ್ಲಿ ಏನೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಹಳೆಯ ಮೂರು ಚೀಲಗಳಲ್ಲಿ ಅರೆಯದೆ ಉಳಿಸಿದ್ದ ಕಲ್ಲು ಇನ್ನೂ ಇತ್ತು. ಅದನ್ನು ಯಂತ್ರಕ್ಕೆ ಹಾಕದೆ, ಚೊಕ್ಕವಾಗಿ ತೊಳೆದ ಕಬ್ಬಿಣದ ಒರಳಿನಲ್ಲಿ ನಾನೇ ಕುಟ್ಟಿ ಪರೀಕ್ಷೆ ಮಾಡಿದೆ. ಮೂರಕ್ಕೂ ಸೊನ್ನೆ. ಬಂಗಾರ ಇದ್ದದ್ದು ಸುರಂಗದಲ್ಲಲ್ಲ, ನಮ್ಮ ಯಂತ್ರದಲ್ಲಿ. ಆ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬೆಳಿಗ್ಗೆ ಸಾಹೇಬರ ಆಫೀಸಿಗೆ ಹೋದೆ. ಅವರು ಚಿತ್ರದುರ್ಗಕ್ಕೆ ಹೋಗಿದ್ದರು, ನಾಳೆ ಬರುತ್ತಾರೆ ಅಂತ ಅಲ್ಲಿನ ಗುಮಾಸ್ತ ಅಂದ. ಸುರಂಗದ ಮೇಸ್ತ್ರಿಗೆ ಹೇಳಿ ಅಲ್ಲೇ ಕೆಲಸ ನಿಲ್ಲಿಸಬಹುದಿತ್ತು. ಯಾಕೆ ಅಂತ ಕೇಳಿದರೆ ಏನು ಹೇಳಲಿ ಎಂದು ನಾಚಿಕೆಯಾಯಿತು. ನಾಳೆ ಸಾಹೇಬರಿಗೇ ಮೆಲ್ಲಗೆ ಹೇಳಿದರಾಯಿತು ಅಂದುಕೊಂಡು ಹಾಳೆಯನ್ನು ಮಡಿಸಿ ಜೇಬಿಗಿಟ್ಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಸೈರನ್ ಕೂಗಿತು. ದಕ್ಷಿಣದ ಸುರಂಗ ಕುಸಿದಿತ್ತು. ಉಳಿದವರು ಓಡಿ ಈಚೆ ಬಂದಿದ್ದರು. ಕಂಬ ಕೊಡುತ್ತಿದ್ದ ಮಾರಣ್ಣ ಒಬ್ಬನೇ ಒಳಗೆ ಉಳಿದಿದ್ದ. ಸಂಜೆ ಹೊತ್ತಿಗೆ ಹೆಣ ಮೇಲೆ ತಂದರು. ಓಬಮ್ಮ ಅಣ್ಣನ ಎದೆಗೆ ತಲೆ ಕೊಟ್ಟು ಬಿದ್ದಿದ್ದಳು. ನಾನು ದೂರ ನಿಂತಿದ್ದೆ. ಪ್ರಯೋಗಾಲಯಕ್ಕೆ ವಾಪಸ್ ಬಂದು, ಜೇಬಿನಲ್ಲಿದ್ದ ಹಾಳೆಯನ್ನು ಕುಲುಮೆಗೆ ಹಾಕಿದೆ.

ವಿಚಾರಣೆಗೆ ಹೊರಗಿನಿಂದ ಮೂರು ಜನ ಬಂದರು. ಏನೂ ಇಲ್ಲದ ಕಡೆ ಮೂರು ಚೀಲ ಮಾತ್ರ ಬಂಗಾರ ತೋರಿಸಿದ್ದು ಹೇಗೆ ಅನ್ನುವುದೇ ಅವರ ಪ್ರಶ್ನೆ. ಯಾರೂ ಕೇಳುವ ಮುಂಚೆಯೇ ಬೋರಣ್ಣ ಎದ್ದು ನಿಂತ. "ಪೂಜೆ ದಿನ ಯಂತ್ರಕ್ಕೆ ಒಂದು ಕಾಳು ಬಂಗಾರ ಹಾಕಿದ್ದೆ ಸಾಮಿ, ವರ್ಷಾ ಹಾಕ್ತೀನಿ. ಈ ವರ್ಷ ಬಿಳಿಕಲ್ಲು ಅರೀಲಿಲ್ಲ. ಅದೇ ಕೂತ್ಕಂಡು ಬಂದೈತೆ," ಅಂದ.

ಅವರಲ್ಲಿ ಹಿರಿಯರು ನನ್ನ ಪುಸ್ತಕ ತಿರುವಿದರು. "ಬಿಳಿಕಲ್ಲು ಸೊನ್ನೆ ಅಂತ ಇಲ್ಲಿದೆಯಲ್ಲ. ಅಂದಮೇಲೆ ಪೂಜೆಯ ಬಂಗಾರ ಪೂರ್ತಿ ತೊಳೆದು ಹೋಗಿತ್ತು. ಆಮೇಲೆ ಯಾರೋ ಬೇಕೂಂತಲೇ ಕಲ್ಲಿನ ಪುಡಿಗೆ ಬಂಗಾರ ಬೆರೆಸಿದ್ದಾರೆ. ತಿಪ್ಪೇಸ್ವಾಮಿ, ನೀವು ಬಿಳಿಕಲ್ಲು ಅರೆಸಿದ್ದು ನಿಜ ತಾನೆ?"

ಮನೆಯಲ್ಲಿ ಎರಡು ಮಕ್ಕಳು, ಗಿರಿಜ ಬಸುರಿ. ಇದನ್ನು ನಾನು ನೆಪವಾಗಿ ಬರೆಯುತ್ತಿಲ್ಲ. ನಿಜ ಅಂದರೆ, ಆ ಗಳಿಗೆಯಲ್ಲಿ ನನಗೆ ಮಕ್ಕಳೂ ನೆನಪಾಗಲಿಲ್ಲ. ಮಾರಣ್ಣನ ಸಾವು ನನ್ನ ತಲೆಗೆ ಬರುತ್ತದೆ ಅನ್ನುವ ಹೆದರಿಕೆ ಒಂದೇ ಇತ್ತು.

"ಅರೆಸಿದ್ದೆವು ಸಾರ್. ಪುಸ್ತಕದಲ್ಲಿ ಇದೆಯಲ್ಲ," ಅಂದೆ.

ಬೋರಣ್ಣ ನನ್ನ ಕಡೆ ತಿರುಗಿದ. "ಸಾಮಿ, ನೀವೇ ಬ್ಯಾಡ ಅಂದ್ರಿ," ಅಂದ. ನಾನು ಮೇಜಿನ ಮೇಲಿನ ಪುಸ್ತಕವನ್ನು ನೋಡುತ್ತಿದ್ದೆ. ಅವನು ಇನ್ನೊಂದು ಸಲ, "ಸಾಮಿ," ಅಂದ. ಹೆಬ್ಬೆಟ್ಟಿನವನ ಮಾತು ಒಂದು ಕಡೆ, ಶಾಯಿಯಲ್ಲಿ ಬರೆದ ಅಕ್ಷರ ಒಂದು ಕಡೆ. ಗಣಿ ಮುಚ್ಚಬಾರದು ಅಂತ ಕಲ್ಲಿಗೆ ಬಂಗಾರ ಬೆರೆಸಿ ಮೋಸ ಮಾಡಿದ ಅಂತ ತೀರ್ಮಾನ ಬರೆದು ಅವನನ್ನು ಕೆಲಸದಿಂದ ತೆಗೆದರು. ಅದರ ಹಿಂದೆಯೇ ನನಗೆ ಬಡ್ತಿ ಬಂತು. ಅದರ ಬಗ್ಗೆ ಬರೆಯುವುದೇನೂ ಇಲ್ಲ.

ಗಣಿ ಒಂದೆರಡು ವರ್ಷದಲ್ಲಿ ಮುಚ್ಚಿತು. ನಾನು ಉತ್ತರದ ಕಡೆಯ ಇನ್ನೊಂದು ಗಣಿಗೆ ಹೋದೆ, ಅಲ್ಲಿಯೇ ನಿವೃತ್ತನಾದೆ. ಹೊಸ ಕುಲುಮೆ ಬಂತು, ಕಂಪ್ಯೂಟರ್ ಬಂತು, ನನ್ನ ಕೈ ಕೆಳಗೆ ಎಷ್ಟೋ ಜನ ಕಲಿತರು. ಬಿಳಿಕಲ್ಲಿನ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವನಿಲ್ಲ ಅಂತ ಹೆಸರಾಯಿತು. ಹುಡುಗರು ಬೆನ್ನ ಹಿಂದೆ ನನ್ನನ್ನು 'ಬಿಳಿಕಲ್ಲು ಸಾಹೇಬ' ಅನ್ನುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಚಳ್ಳಕೆರೆಗೆ ವಾಪಸ್ ಬಂದು ನೆಲೆಸಿದ ಮೇಲೂ ದೇವಸಮುದ್ರ ನನಗೆ ದೂರವೇ ಇತ್ತು. ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಕಂಡರೆ ಮುಖ ತಿರುಗಿಸುತ್ತಿದ್ದೆ. ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ನಡುವಯಸ್ಸಿನವನು ಬಂದು, "ಮೂಸೆ ಸಾಮೇರು ಅಲ್ವಾ? ನಾನು ಬೋರಣ್ಣನ ಮಗ," ಅಂದ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು ಅಂದ. ಗಣಿ ಬಿಟ್ಟ ಮೇಲೆ ಊರಲ್ಲಿ ಕೂಲಿ ಮಾಡಿಕೊಂಡಿದ್ದನಂತೆ. ಮೋಸಗಾರ ಅಂತ ಹೆಸರು ಬಿದ್ದದ್ದರಿಂದ ಕಣದ ರಾಶಿ ಕಾಯುವುದಕ್ಕೆ ಕೂಡ ಯಾರೂ ಕರೆಯುತ್ತಿರಲಿಲ್ಲವಂತೆ. "ನಮ್ಮತ್ತೆ ಓಬಮ್ಮ ಮಣ್ಣಿಗೂ ಬರ್ಲಿಲ್ಲ ಸಾಮಿ. ನನ್ನ ಗಂಡನ್ನ ತಿಂದೋನು ಅಂತ ಇವತ್ತಿಗೂ ಅಂತಾಳೆ," ಅಂದ. ಅವನ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಬೋರಣ್ಣ ಮಗನಿಗೆ ನನ್ನ ವಿಷಯ ಹೇಳಿಯೇ ಇರಲಿಲ್ಲ, ಅಥವಾ ಹೇಳಿದರೂ ಮಗ ನಂಬಿರಲಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವತ್ತು ಮನೆಗೆ ಬಂದು ಗಿರಿಜಳಿಗೆ ಎಲ್ಲ ಹೇಳಿದೆ. ಇಷ್ಟು ವರ್ಷ ಒಟ್ಟಿಗೆ ಬಾಳಿದವಳಿಗೆ ಹೇಳಿದ್ದು ಅದೇ ಮೊದಲು. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಟ್ಟೆ ಹಾಕುತ್ತ, "ಆ ಹೆಣ್ಣುಮಗಳ ಅಡಿಗೆ ಉಂಡಿದ್ದೀವಿ ನಾವು. ಹೋಗಿ ಹೇಳಿ ಬರ್ರಿ. ಅಲ್ಲೀಗಂಟ ನನ್ನ ಮುಂದೆ ಉಣ್ಣಾಕೆ ಕೂರಬ್ಯಾಡ್ರಿ," ಅಂದಳು.

ಗೌರಸಮುದ್ರಕ್ಕೆ ಹೋದೆ. ಓಬಮ್ಮ ಮನೆಯ ಮುಂದೆ ಮೊರದಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ಯಾರೆಂದು ಹೇಳಿದ ಮೇಲೆ ಗುರುತು ಹಿಡಿದು, "ಕೂತ್ಕಳ್ರಿ," ಅಂದು ನೀರು ಕೊಟ್ಟಳು. ನಾನು ನೀರು ಕುಡಿಯದೆ ಹೇಳಲು ಶುರುಮಾಡಿದೆ. ಅವಳು ಕೈ ನಿಲ್ಲಿಸದೆ ಕೇಳುತ್ತಿದ್ದಳು.

"ಬಿಳಿಕಲ್ಲು ಅಂದ್ರೆ ಏನದು?"

"ಖಾರ ಅರೆದ ಒರಳನ್ನ ತೊಳೀದೆ ಹಿಟ್ಟು ರುಬ್ಬಿದ್ರೆ ಹಿಟ್ಟೆಲ್ಲ ಖಾರ ಆಗಲ್ವಾ? ಹಂಗೆ. ಅದನ್ನ ತೊಳ್ಯಾಕೆ ಹಾಕೋ ಕಲ್ಲು."

"ತೊಳೀಬೇಕಾಗಿದ್ದೋರು ಯಾರು?"

"ತೊಳಸಬೇಕಾಗಿದ್ದೋನು ನಾನು ಕಣಮ್ಮ."

"ನಮ್ಮಣ್ಣ ನಿಮಗೆ ಹೇಳಲಿಲ್ವಾ?"

"ಹೇಳಿದ್ದ. ನಾನೇ ಬ್ಯಾಡ ಅಂದೆ."

"ಆಮ್ಯಾಕೆ ದೊಡ್ಡೋರು ಕೇಳಿದಾಗ?"

"ತೊಳೆಸಿದ್ದೆ ಅಂತ ಸುಳ್ಳು ಹೇಳ್ದೆ."

ಆಗ ಅವಳ ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ ಗೊತ್ತಾಗದ ಹಾಗೆ ಶುರುಮಾಡಿದಳು. "ವರ್ಷಾ ಪಂಚಮಿಗೆ ಬರ್ತಿದ್ದ. ತವರಿಗೆ ಕರ್ಕಂಡು ಹೋಗ್ತೀನಿ ಬಾರವ್ವ ಅಂತ. ನಾನು ಕದ ಹಾಕ್ಕಂತಿದ್ದೆ. ಮಧ್ಯಾಹ್ನದಗಂಟ ಆ ಜಗಲಿ ಮ್ಯಾಲೆ ಕೂತಿರ್ತಿದ್ದ. ನೀರು ಸೈತ ಕೊಡ್ಲಿಲ್ಲ ನಾನು. ಸೀರೆ, ಕೊಬ್ಬರಿ ಬಾಗಿಲಾಗಿಟ್ಟು ಹೋಗ್ತಿದ್ದ. ಆ ಸೀರೆನ ಕಂಡೋರಿಗೆ ಕೊಟ್ಟುಬಿಡ್ತಿದ್ದೆ. ನಾನಲ್ಲ ಕಣವ್ವ, ನಾನಲ್ಲ ಕಣವ್ವ ಅಂತ ಕದದ ಆಚೆಯಿಂದ ಅಂತಿದ್ದ. ನಾಕು ಅಕ್ಷರ ಬಲ್ಲೋರು ಬರದವ್ರೆ, ಅವ್ರು ಯಾಕೆ ಸುಳ್ಳು ಬರೀತಾರೆ ಅಂದ್ಕಂಡೆ."

ನಾನು ಕೈ ಮುಗಿದೆ. ತಪ್ಪಾಯ್ತು ಅಂದೆ. ಅತ್ತುಬಿಟ್ಟೆ.

"ನೀವು ಯಾಕೆ ಅಳ್ತೀರ?" ಅಂದಳು. "ಅವನಿರೋವಾಗ ಬಂದಿದ್ರೆ ಆಗ್ತಿರ್ಲಿಲ್ವಾ? ಈಗ ಹೇಳೀರಿ, ನಿಮಗೆ ಹಗೂರ ಆತು. ನಂಗೆ ಅಣ್ಣನ ಮ್ಯಾಲೆ ಸಿಟ್ಟೊಂದಿತ್ತು. ಅದನ್ನ ಹಿಡ್ಕಂಡು ಈಟು ವರ್ಷ ಬದುಕಿದ್ದೆ. ಈಗ ಏನು ಹಿಡ್ಕಂಡು ಬದುಕ್ಲಿ?"

ಅವಳು ಎದ್ದು, ಮೊರ ಒಳಗಿಟ್ಟು, ಬೇರೆ ಸೀರೆ ಉಟ್ಟುಕೊಂಡು ಬಂದು ಬಾಗಿಲಿಗೆ ಬೀಗ ಹಾಕಿದಳು. "ದೇವಸಮುದ್ರಕ್ಕೆ ನಡೀರಿ," ಅಂದಳು. ಬಸ್ಸಿನಲ್ಲಿ ನನ್ನಿಂದ ದೂರ, ಮುಂದಿನ ಸೀಟಿನಲ್ಲಿ ಕೂತಳು. ಟಿಕೆಟ್ ತಾನೇ ತೆಗೆದುಕೊಂಡಳು.

ಬೋರಣ್ಣನ ಮಗ ಅವಳನ್ನು ಕಂಡು, "ಅತ್ತೇ," ಅಂದು ಬಾಗಿಲಲ್ಲೇ ನಿಂತುಬಿಟ್ಟ. ಅಕ್ಕಪಕ್ಕದವರು ಬಂದರು. ಎಲ್ಲರೂ ಸೇರುವವರೆಗೆ ಅವಳು ಕಾದು, ಆಮೇಲೆ ನನ್ನ ಕಡೆ ನೋಡಿ, "ನನಗೆ ಹೇಳಿದ್ದನ್ನ ಇವ್ರಿಗೆಲ್ಲ ಹೇಳ್ರಿ," ಅಂದಳು. ಹೇಳಿದೆ. ಬೋರಣ್ಣ ಮೋಸ ಮಾಡಲಿಲ್ಲ, ನಾನು ಸುಳ್ಳು ಬರೆದೆ, ಸುಳ್ಳು ಹೇಳಿದೆ ಅಂತ ಆ ಬೀದಿಯಲ್ಲಿ ನಿಂತು ಹೇಳಿದೆ. ಯಾರೂ ನನ್ನನ್ನು ಬೈಯಲಿಲ್ಲ. ಬೋರಣ್ಣನ ಮಗ ಒಳಗೆ ಹೋದವನು ಮತ್ತೆ ಹೊರಗೆ ಬರಲೇ ಇಲ್ಲ.

ಸಮಾಧಿ ಹೊಲದ ಬದುವಿನಲ್ಲಿತ್ತು. ಮಳೆಗೆ ಮಣ್ಣು ಕುಸಿದು ನೆಲಕ್ಕೆ ಸಮವಾಗಿತ್ತು, ಒಂದು ಕಲ್ಲು ನಿಲ್ಲಿಸಿದ್ದರು. ಓಬಮ್ಮ ಅದರ ಮುಂದೆ ಕೂತಳು. "ಅಣ್ಣಾ, ಪಂಚಮಿಗೆ ಬಂದಿದ್ದೀನಿ," ಅಂದಳು. ಅದು ಪಂಚಮಿಯ ತಿಂಗಳಲ್ಲ. ಬಗ್ಗಿ ಹೊಲದಿಂದ ಒಂದು ಹಿಡಿ ಮಣ್ಣು ತೆಗೆದು, ಸತ್ತ ದಿನ ಒಡಹುಟ್ಟಿದವರು ಹಾಕುವ ಹಾಗೆ, ತಲೆಯ ಕಡೆ ಹಾಕಿದಳು. ಆಮೇಲೆ ಎರಡು ಕೈಯಿಂದಲೂ ಆ ಮಣ್ಣನ್ನು ಒತ್ತಿ ಒತ್ತಿ ಸರಿಮಾಡತೊಡಗಿದಳು.

ನಾನೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ.

ಅವಳು ತಿರುಗಿ ನೋಡಿದಳು. "ನೀವು ಹಾಕಬ್ಯಾಡ್ರಿ," ಅಂದಳು.

ಸಿಟ್ಟಿನಿಂದ ಅನ್ನಲಿಲ್ಲ, ಮೆಲ್ಲಗೇ ಅಂದಳು. ನಾನು ಕೈಯಲ್ಲಿದ್ದ ಮಣ್ಣನ್ನು ಹೊಲಕ್ಕೇ ಬಿಟ್ಟು, ಬದುವಿನ ಮೇಲೆ ಬಸ್ ನಿಲ್ಲುವ ಕಡೆಗೆ ನಡೆದುಬಂದೆ.